ಡಿಗ್ರಿ ರಾಯರು

ನ್ಯೂ ಹ್ಯಾಂಪ್‌ಶೈರ್, ಮೇನ್, ವರ್ಮಾಂಟ್ ಕಡೆ ನೆಲೆಸಿದ ಕನ್ನಡ ಸಂಸಾರಗಳ ನಡುವೆ ಒಂದು ಚಳಿಗಾಲ ಕಳೆದವರಿಗೆ ಡಿಗ್ರಿ ರಾಯರ ಪರಿಚಯ ಮಾಡಿಕೊಡಬೇಕಾಗಿಲ್ಲ. ಊರಿಗೊಬ್ಬರು ಇದ್ದೇ ಇರುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೆಸರು ಏನಾದರೂ ಇರಲಿ, ಕನ್ನಡ ಕೂಟದ ಹೆಂಗಸರ ಬಾಯಲ್ಲಿ ಅವರು ಡಿಗ್ರಿ ರಾಯರೇ. ಜನವರಿಯಲ್ಲಿ ನಿಮ್ಮ ಮನೆಗೆ ಬಂದರೆ ಬೂಟಿನ ಹಿಮ ಕೊಡವಿ, ಕೋಟು ಬಿಚ್ಚುವ ಮೊದಲೇ ಅವರ ಕಣ್ಣು ಗೋಡೆಯ ಮೇಲೆ ಓಡುತ್ತದೆ. ಅಲ್ಲಿ ನಿಮ್ಮ ಮದುವೆ ಫೋಟೋ ಇರಬಹುದು, ಮಗಳ ಭರತನಾಟ್ಯದ ಫೋಟೋ ಇರಬಹುದು. ರಾಯರಿಗೆ ಕಾಣುವುದು ಅವೆರಡರ ನಡುವಿನ ಥರ್ಮೋಸ್ಟಾಟ್. "ಎಪ್ಪತ್ತೆರಡರಲ್ಲಿ ಇಟ್ಟಿದೀರಾ?" ಎಂದು ಕೇಳುತ್ತಾರೆ. ದನಿಯಲ್ಲಿ ಆಕ್ಷೇಪಣೆ ಇರುವುದಿಲ್ಲ, ಮರುಕ ಇರುತ್ತದೆ. ಅಲ್ಲಿಯ ಫ್ಯಾರನ್‌ಹೀಟ್ ಲೆಕ್ಕದ 72 ಅಂದರೆ ನಮ್ಮ ಲೆಕ್ಕದ 22. ಶಿವಮೊಗ್ಗದವರು ಆ ಬಿಸಿಗೆ ಸ್ವೆಟರ್ ಹುಡುಕುತ್ತಾರೆ. ರಾಯರ ಊರೂ ಶಿವಮೊಗ್ಗವೇ.

ಅವರ ಮನೆಯಲ್ಲಿ ಹಗಲು 66, ರಾತ್ರಿ 58. ಸೋಫಾದ ಪಕ್ಕದಲ್ಲಿ ಒಂದು ಬೆತ್ತದ ಬುಟ್ಟಿ, ಅದರ ತುಂಬ ಶಾಲುಗಳು. ಕನ್ನಡ ಕೂಟದ ಖಜಾಂಚಿಯೆಂದು ರಾಜ್ಯೋತ್ಸವಕ್ಕೊಂದರಂತೆ ರಾಯರಿಗೆ ಹೊದಿಸಿದವು. ಹೋದವರಿಗೆ ಕಾಫಿಗೆ ಮೊದಲು ಶಾಲು ಬರುತ್ತದೆ. ರಾಯರೇ ಎದ್ದು ಹೊದಿಸುತ್ತಾರೆ. ಹಾರ ಮತ್ತು ಫಲತಾಂಬೂಲ ಇಲ್ಲ ಅನ್ನುವುದೊಂದು ಬಿಟ್ಟರೆ ಪೂರ್ತಿ ಸನ್ಮಾನ. ಆಮೇಲೆ ಭಾಷಣವೂ ಉಂಟು. 1977ರ ಫೆಬ್ರವರಿ 2ರಂದು ಜಿಮ್ಮಿ ಕಾರ್ಟರ್ ಅಧ್ಯಕ್ಷರಾದ ಹೊಸತರಲ್ಲಿ ಸ್ವೆಟರ್ ತೊಟ್ಟು ಟಿ.ವಿ.ಯಲ್ಲಿ ಕಾಣಿಸಿಕೊಂಡು, ಹಗಲು 65, ರಾತ್ರಿ 55ಕ್ಕೆ ಥರ್ಮೋಸ್ಟಾಟ್ ಇಳಿಸಿರೆಂದು ದೇಶಕ್ಕೆಲ್ಲ ಹೇಳಿದ್ದರು. ಆಗ ರಾಯರು ಹುಟ್ಟಿರಲಿಲ್ಲ. ಆದರೂ ಆ ರಾತ್ರಿ ಮುಂದಿನ ಕುರ್ಚಿಯಲ್ಲಿ ಕೂತು ಕೇಳಿದವರಂತೆ ಹೇಳುತ್ತಾರೆ, ಹೇಳುತ್ತ ತಮ್ಮ ಕಂದು ಸ್ವೆಟರಿನ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಾರೆ. ಕಾರ್ಟರ್ ಮುಂದಿನ ಚುನಾವಣೆಯಲ್ಲಿ ಸೋತರು ಎಂಬ ಭಾಗವನ್ನು ಅವರ ಹೆಂಡತಿ ಅಡುಗೆಮನೆಯಿಂದ ಸೇರಿಸುತ್ತಾರೆ.

ಇಷ್ಟಾದರೂ ರಾಯರು ನಿಜವಾದ ಡಿಗ್ರಿ ರಾಯರಾದದ್ದು ಪೆಲೆಟ್ ಒಲೆ ಬಂದ ಮೇಲೆ. ಅವರ ಬಡಾವಣೆಗೆ ಗ್ಯಾಸಿನ ಪೈಪು ಇಲ್ಲ. ಬೇಸ್‌ಮೆಂಟಿನಲ್ಲಿ 275 ಗ್ಯಾಲನ್ನಿನ ಎಣ್ಣೆ ಟ್ಯಾಂಕು, ಅದರಿಂದ ಬಾಯ್ಲರು, ಬಾಯ್ಲರಿನಿಂದ ಕೋಣೆ ಕೋಣೆಗೆ ಬಿಸಿನೀರಿನ ಕೊಳವೆ. 2022ರಲ್ಲಿ ಎಣ್ಣೆಯ ಬೆಲೆ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಎಣ್ಣೆ ಲಾರಿಯವನು ಬಾಗಿಲಿಗೆ ಸಿಕ್ಕಿಸಿ ಹೋದ ಚೀಟಿಯನ್ನು ರಾಯರು ಎರಡು ಸಲ ಓದಿ, ಮಡಿಚಿ, ಮತ್ತೆ ಬಿಚ್ಚಿ ಓದಿದರು. ಆ ಬೇಸಿಗೆ ಮುಗಿಯುವುದರೊಳಗೆ ಹಾಲಿನಲ್ಲಿ ಒಂದು ಕಪ್ಪು ಒಲೆ ಕೂತಿತ್ತು.

ಪೆಲೆಟ್ ಅಂದರೆ ಮರದ ಹೊಟ್ಟು. ಸಾಮಿಲ್ಲಿನ ಹೊಟ್ಟನ್ನು ಒಣಗಿಸಿ, ಸಣ್ಣ ತೂತುಗಳ ಅಚ್ಚಿನಲ್ಲಿ ಒತ್ತಿ, ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆ ಮಾಡುತ್ತಾರೆ. ಅಂಟು ಬೇಕಾಗಿಲ್ಲ, ಒತ್ತುವಾಗ ಹುಟ್ಟುವ ಶಾಖಕ್ಕೆ ಮರದೊಳಗಿನ ಲಿಗ್ನಿನ್ನೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಚೀಲಕ್ಕೆ 40 ಪೌಂಡು, ಅಂದರೆ 18 ಕೆ.ಜಿ.; 50 ಚೀಲ ಸೇರಿದರೆ ಅಮೆರಿಕದ ಒಂದು ಟನ್. ಒಂದು ಟನ್ ಪೆಲೆಟ್ ಸುಮಾರು 120 ಗ್ಯಾಲನ್ ಎಣ್ಣೆಗೆ ಸಮ. ಈ ಕಡೆಯ ವಾಕ್ಯವನ್ನು ರಾಯರು ಎಲ್ಲಿ ಬೇಕಾದರೂ ಹೇಳುತ್ತಾರೆ. ಒಮ್ಮೆ ಸತ್ಯನಾರಾಯಣ ಪೂಜೆಯಲ್ಲಿ, ನಾಲ್ಕನೆಯ ಅಧ್ಯಾಯಕ್ಕೂ ಐದನೆಯದಕ್ಕೂ ನಡುವೆ ಪುರೋಹಿತರು ನೀರು ಕುಡಿಯಲು ನಿಲ್ಲಿಸಿದಾಗಲೂ ಹೇಳಿದರು. ಚಳಿಗಾಲಕ್ಕೆ ಮೂರು ಟನ್ ಬೇಕು. ಮೂರು ಟನ್ ಗ್ಯಾರೇಜಿನಲ್ಲಿರುತ್ತದೆ, ಗ್ಯಾರೇಜಿನಲ್ಲಿರಬೇಕಾದ ಕಾರು ಹಿಮದಲ್ಲಿರುತ್ತದೆ. ಬೆಳಿಗ್ಗೆ ಅದರ ಗಾಜು ಕೆರೆಯುವ ಕೆಲಸ ಹೆಂಡತಿಯದು, ಯಾಕೆಂದರೆ ಆ ಹೊತ್ತಿಗೆ ರಾಯರು ಒಲೆಯ ಬೂದಿ ತೆಗೆಯುತ್ತಿರುತ್ತಾರೆ.

ಒಲೆಯ ವಂಶಾವಳಿಯೂ ಅವರಿಗೆ ಬಾಯಿಪಾಠ. ಮನೆಯೊಳಗೆ ಇಡಬಹುದಾದ ಪೆಲೆಟ್ ಒಲೆಯನ್ನು 1980ರ ದಶಕದ ಆರಂಭದಲ್ಲಿ ರೂಪಿಸಿದವರು ವಾಷಿಂಗ್ಟನ್ ರಾಜ್ಯದ ಜೆರ್ರಿ ವಿಟ್‌ಫೀಲ್ಡ್, ಬೋಯಿಂಗ್ ಕಂಪನಿಯಲ್ಲಿದ್ದ ಇಂಜಿನಿಯರ್. "ವಿಮಾನದವರು ಮಾಡಿದ್ದು ಸ್ವಾಮಿ" ಎನ್ನುವಾಗ ರಾಯರು ಒಲೆಯ ತಲೆ ಸವರುತ್ತಾರೆ. ಮೇಲಿನ ಡಬ್ಬಿಗೆ ಪೆಲೆಟ್ ಸುರಿದರೆ, ತಳದಲ್ಲಿ ತಿರುಪಿನಾಕಾರದ ಆಗರ್ ತಿರುಗುತ್ತ ಕಾಳು ಕಾಳಾಗಿ ಬೆಂಕಿಯ ಬಟ್ಟಲಿಗೆ ಬೀಳಿಸುತ್ತದೆ. ಹೊತ್ತಿಸಲು ಒಂದು ಇಗ್ನೈಟರ್ ಕಡ್ಡಿ, ಹೊಗೆ ಎಳೆಯಲು ಒಂದು ಫ್ಯಾನು, ಬಿಸಿಗಾಳಿ ಊದಲು ಇನ್ನೊಂದು. ಎಲ್ಲಕ್ಕೂ ಕರೆಂಟು ಬೇಕು. ಇದನ್ನು ಅಂಗಡಿಯವನು ಹೇಳಿದ್ದ. ರಾಯರು ಆಗ ಟನ್ನಿನ ಲೆಕ್ಕದಲ್ಲಿದ್ದರು.

ಒಲೆ ಬಂದ ವಾರದಲ್ಲೇ ಅದಕ್ಕೊಂದು ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್ ಬಂತು. ಈ ಯಂತ್ರದ ಪ್ರಕಾರ ಮನುಷ್ಯನ ದಿನದಲ್ಲಿ ಇರುವುದು ನಾಲ್ಕೇ ಘಟನೆ: ಏಳುವುದು, ಹೊರಡುವುದು, ಮರಳುವುದು, ಮಲಗುವುದು. ಬೆಳಿಗ್ಗೆ 6ಕ್ಕೆ ಏಳು, 8ಕ್ಕೆ ಹೊರಡು, ಸಂಜೆ 6ಕ್ಕೆ ಬಾ, 10ಕ್ಕೆ ಮಲಗು. ಇದು ರಾಯರ ಮನಸ್ಸಿಗೆ ಬಹಳ ಹಿಡಿಸಿತು. ಆದರೆ ಮನೆಯಲ್ಲಿ ಈ ಪ್ರಕಾರ ಬದುಕುವವರು ಅವರೊಬ್ಬರೇ. ಹೆಂಡತಿ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಅಂದರೆ ಹೊರಡುವುದೇ ಇಲ್ಲ. ಹೈಸ್ಕೂಲಿನ ಮಗಳು ಏಳುತ್ತಾಳೋ ಇಲ್ಲವೋ ಎಂಬುದೇ ಮನೆಯಲ್ಲಿ ತೀರ್ಮಾನವಾಗದ ಪ್ರಶ್ನೆ. ಇನ್ನು ಊರಿನಿಂದ ಅಮ್ಮ ಬಂದಿದ್ದರು, ಒಮ್ಮೆಯಾದರೂ ಹಿಮ ನೋಡಬೇಕೆಂದು ಅಕ್ಟೋಬರಿನಲ್ಲಿ. ಅವರು ನಾಲ್ಕೂವರೆಗೆ ಏಳುವವರು, ಮಧ್ಯಾಹ್ನ ಮಲಗುವವರು, ಎಲ್ಲಿಗೂ ಹೊರಡದವರು. ನಾಲ್ಕು ಗುಂಡಿಯ ಯಂತ್ರದಲ್ಲಿ ಅಮ್ಮನಿಗೆ ಜಾಗವೇ ಇರಲಿಲ್ಲ.

ಅಮ್ಮ ಒಲೆಯ ಮುಂದೆ ಮಣೆ ಹಾಕಿ ಕೂತು, ಚೀಲಕ್ಕೆ ಕೈ ಹಾಕಿ, ನಾಲ್ಕು ಪೆಲೆಟ್ ಬೆರಳಲ್ಲಿ ಹಿಸುಕಿ ಮೂಸಿ ನೋಡಿದರು. "ಇದು ಹೊಟ್ಟು ಅಲ್ವೇನೋ?"

"ಕಂಪ್ರೆಸ್ ಮಾಡಿರೋದು ಅಮ್ಮಾ, ತೇವ ಎಂಟು ಪರ್ಸೆಂಟಿಗಿಂತ ಕಡಿಮೆ."

"ನಾನು ಮದುವೆಯಾಗಿ ಬಂದಾಗ ನಮ್ಮನೇಲಿ ಹೊಟ್ಟಿನೊಲೇನೇ ಇದ್ದಿದ್ದು. ಸಾಮಿಲ್ಲಿಂದ ಚೀಲ ಹೊರಿಸಿಕೊಂಡು ಬರೋರು. ನಡುವೆ ಬಾಟ್ಲಿ ನಿಲ್ಲಿಸಿ, ಸುತ್ತ ಹೊಟ್ಟು ಜಡಿದು, ಬಾಟ್ಲಿ ಮೆಲ್ಲಗೆ ಎಳೆದರೆ ಆಯ್ತು. ಒಂದು ಸಲ ಹಚ್ಚಿದರೆ ಅನ್ನ, ಸಾರು, ಸ್ನಾನದ ನೀರು ಎಲ್ಲ ಆಗೋದು. ಅದಕ್ಕೆ ಇಷ್ಟೊಂದು ಗುಂಡಿ ಇರಲಿಲ್ಲ ಕಣೋ."

ರಾಯರು ಉತ್ತರ ಕೊಡದೆ ಆಗರ್ ಬಗ್ಗೆ ವಿವರಿಸಲು ತೊಡಗಿದರು. ಅಮ್ಮ ಅಷ್ಟರಲ್ಲಿ ಬೂದಿ ಎಲ್ಲಿ ಹಾಕುತ್ತೀರೆಂದು ಸೊಸೆಯನ್ನು ಕೇಳಿ, ಅದರಲ್ಲಿ ಒಂದು ಹಿಡಿ ತೆಗೆದು ಹುಣಿಸೆಹಣ್ಣಿನ ಜೊತೆ ದೀಪದ ಕಂಬ ಉಜ್ಜಲು ಹೋಗಿಯಾಗಿತ್ತು. ಒಳ್ಳೆಯ ಪೆಲೆಟ್ಟಿನಲ್ಲಿ ಬೂದಿ ಶೇಕಡಾ ಒಂದಕ್ಕಿಂತ ಕಡಿಮೆ. ಅಮ್ಮನಿಗೆ ಅದೊಂದು ಕೊರತೆ.

ಈಗ ತಾಂತ್ರಿಕ ವಿಷಯಕ್ಕೆ ಬರಬೇಕು, ಏಕೆಂದರೆ ರಾಯರ ಮನೆಯ ಜಗಳಗಳೆಲ್ಲ ತಾಂತ್ರಿಕ. ರಾತ್ರಿ ಎಂಟು ಗಂಟೆ ಕಾಲ ಏಳರಿಂದ ಹತ್ತು ಡಿಗ್ರಿ ಇಳಿಸಿದರೆ ವರ್ಷದ ಖರ್ಚಿನಲ್ಲಿ ಶೇಕಡಾ 10ರವರೆಗೆ ಉಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಗ್ಯಾಸಿನ ಫರ್ನೇಸ್ ಇದ್ದವರಿಗೆ ಇದು ಸುಲಭ. ಬೆಳಿಗ್ಗೆ ಗುಂಡಿ ಅಂದಿತು, ಅದು ಧಗ್ಗೆಂದಿತು. ಪೆಲೆಟ್ ಒಲೆ ಹಾಗಲ್ಲ, ಎಮ್ಮೆ ಎದ್ದ ಹಾಗೆ ಏಳುತ್ತದೆ. ಕಡ್ಡಿ ಕಾಯಬೇಕು, ಪೆಲೆಟ್ ಮೊದಲು ಹೊಗೆಯಾಡಬೇಕು, ಆಮೇಲೆ ಹೊತ್ತಬೇಕು, ಕಬ್ಬಿಣದ ಮೈ ಬಿಸಿಯಾಗಬೇಕು, ಆಮೇಲೆ ಫ್ಯಾನು ಊದಬೇಕು. ಅಲ್ಲಿಂದ ಮುಂದೆ ಇಡೀ ರಾತ್ರಿ ತಣ್ಣಗಾದ ಗೋಡೆ, ಸೋಫಾ, ನೆಲ ಎಲ್ಲವನ್ನೂ ಅದೊಂದೇ ಬಿಸಿ ಮಾಡಬೇಕು. ಆರಕ್ಕೆ ಏಳುವ ಮನೆಗೆ 66 ಮುಟ್ಟುವಾಗ ಒಂಬತ್ತಾಗುತ್ತಿತ್ತು. ಆಗ ಯಂತ್ರದ ಪ್ರಕಾರ ಎಲ್ಲರೂ ಹೊರಟುಹೋಗಿರುತ್ತಿದ್ದರು, ಒಲೆ ಆರುತ್ತಿತ್ತು.

ರಾಯರು 'ಏಳುವ' ಹೊತ್ತನ್ನು ಐದಕ್ಕೆ ತಂದರು. ಆಮೇಲೆ ನಾಲ್ಕಕ್ಕೆ. ಆಮೇಲೆ ಮೂರೂವರೆಗೆ. "ಹತ್ತಕ್ಕೆ ಮಲಗಿ ಮೂರೂವರೆಗೆ ಏಳೋ ಒಲೆಗೆ ರಾತ್ರಿಯೆಲ್ಲ ಎಚ್ಚರವಾಗೇ ಇರು ಅನ್ನಬಾರದೇನ್ರೀ?" ಎಂದು ಹೆಂಡತಿ ಕೇಳಿದರು. ರಾಯರು ಎಕ್ಸೆಲ್ ತೆರೆದರು. ರಾತ್ರಿ ಉಳಿಸಿದ ಪೆಲೆಟ್ಟಿನಲ್ಲಿ ದೊಡ್ಡ ಪಾಲು ಬೆಳಗಿನ ಜಾವದ ಪೂರ್ಣ ಉರಿಗೆ ಹೋಗುತ್ತಿದೆ ಎಂದು ಅವರದೇ ಎಕ್ಸೆಲ್ ಹೇಳಿತು. ಆ ಕಾಲಮ್ಮನ್ನು ಮರೆಮಾಡಿದರು.

ಇನ್ನೊಂದು ಕಥೆ 'ಸ್ವಿಂಗ್' ಎಂಬುದರದು. ಹೇಳಿದ ಡಿಗ್ರಿಯಿಂದ ಎಷ್ಟು ಕೆಳಗಿಳಿದರೆ ಒಲೆ ಹೊತ್ತಬೇಕು ಎಂಬ ಅಂತರ ಅದು. ರಾಯರು ನಿಖರತೆಯ ಮನುಷ್ಯ. ಒಂದು ಡಿಗ್ರಿ ಇಟ್ಟರು. ಥರ್ಮೋಸ್ಟಾಟಿನಿಂದ ಒಲೆಗೆ ಹೋಗುವುದು ಎರಡು ತೆಳು ತಂತಿ ಮಾತ್ರ. ಅದು ಹೇಳಬಲ್ಲದ್ದು ಎರಡೇ ಮಾತು, ಹೂಂ ಅಥವಾ ಊಹೂಂ. ಸ್ವಲ್ಪ ಸಾಕು, ನಿಧಾನ ಮಾಡಪ್ಪ ಎಂದು ಹೇಳಲು ಬರುವುದಿಲ್ಲ. ಹೂಂ ಅಂದಿತು, ಒಲೆ ಕಷ್ಟಪಟ್ಟು ಹೊತ್ತಿತು. ಹೊತ್ತಿ ಸ್ವಲ್ಪದರಲ್ಲೇ ಊಹೂಂ ಅಂದಿತು. ಆಗ ಒಲೆ ಇದ್ದ ಪೆಲೆಟ್ ಉರಿಸಿ ಮುಗಿಸಿ, ಮೈ ತಣ್ಣಗಾಗುವವರೆಗೆ ಫ್ಯಾನು ಓಡಿಸಿ ಮಲಗಬೇಕು. ಅಷ್ಟರಲ್ಲಿ ಮತ್ತೆ ಹೂಂ. ಹೀಗೆ ದಿನವಿಡೀ ಎಬ್ಬಿಸಿ ಮಲಗಿಸಿ ಡಿಸೆಂಬರ್ ಮುಗಿಯುವುದರೊಳಗೆ ಇಗ್ನೈಟರ್ ಸುಟ್ಟುಹೋಯಿತು. ರಾಯರು ಹೊಸದನ್ನು ತರಿಸಿ ತಾವೇ ಹಾಕಿದರು, ಮತ್ತು ಆ ಶನಿವಾರದ ಊಟಕ್ಕೆ ಬಂದವರಿಗೆಲ್ಲ ಹಳೆಯದನ್ನು ತೋರಿಸಿದರು. ಸ್ವಿಂಗ್ ಮೂರು ಡಿಗ್ರಿಗೆ ಹೋಯಿತು. ಈಗ ಮನೆ ಒಮ್ಮೆ ನಡುಗುತ್ತಿತ್ತು, ಒಮ್ಮೆ ಬೆವರುತ್ತಿತ್ತು. ಕೊನೆಗೆ ಕೈಪಿಡಿಯ ಹಿಂಭಾಗದಲ್ಲಿ ಹೈ-ಲೋ ಎಂಬ ಕ್ರಮ ಸಿಕ್ಕಿತು: ಊಹೂಂ ಅಂದಾಗ ಒಲೆ ಆರದೆ ಸಣ್ಣ ಉರಿಯಲ್ಲಿ ಇರುತ್ತದೆ, ಹೂಂ ಅಂದಾಗ ಜೋರಾಗುತ್ತದೆ. ಉರಿ ಸಣ್ಣ ಮಾಡಿ ಇಡುವುದನ್ನು ಅಮ್ಮ ಬಂದ ಮೊದಲ ದಿನವೇ ಹೇಳಿದ್ದರಂತೆ. ರಾಯರ ಪ್ರಕಾರ ಅಮ್ಮ ಹೇಳಿದ್ದು ಬೇರೆ ಅರ್ಥದಲ್ಲಿ.

ಜಾಗದ ಸಮಸ್ಯೆಯೂ ಇತ್ತು. ಥರ್ಮೋಸ್ಟಾಟ್ ಒಲೆಯ ಎದುರಿಗಿದ್ದರೆ ಬಿಸಿಗಾಳಿ ನೇರ ಬಡಿದು, ಮನೆಯೆಲ್ಲ ಬೆಚ್ಚಗಾಯಿತೆಂದು ಸುಳ್ಳು ತಿಳಿಯುತ್ತದೆ. ಹೊರಗೋಡೆಯ ಮೇಲಿದ್ದರೆ ಯಾವಾಗಲೂ ಚಳಿ ಎನ್ನುತ್ತದೆ. ಬಿಸಿಲು ಬೀಳುವಲ್ಲಿ ಇಡಬಾರದು. ರಾಯರು ಅದನ್ನು ಹಾಲಿನ ಸುತ್ತ ಪ್ರದಕ್ಷಿಣೆ ಬರಿಸಿದರು. ಹೋದಲ್ಲೆಲ್ಲ ಗೋಡೆಗೆ ತೂತು, ತೂತು ಕಾಣದ ಹಾಗೆ ಒಂದು ದೇವರ ಪಟ. ಆ ಮನೆಯ ಗೋಡೆಗಳಲ್ಲಿ ಇಷ್ಟೊಂದು ದೇವರು ಯಾಕೆ, ಅದೂ ಸೊಂಟದೆತ್ತರದಲ್ಲಿ ಒಬ್ಬ ನರಸಿಂಹ ಯಾಕೆ ಎಂದು ಹೊಸಬರಿಗೆ ಅಚ್ಚರಿಯಾಗುತ್ತದೆ. ಥರ್ಮೋಸ್ಟಾಟ್ ಕೊನೆಗೆ ನಡುಮನೆಯ ಒಳಗೋಡೆಯಲ್ಲಿ ನೆಲೆ ನಿಂತಿತು. ಅಲ್ಲಿಂದಲೂ ಏಳಬೇಕಾಗಬಹುದೆಂದು, ಮುಂದೆ ಬರಲಿರುವ ದೇವರಿಗಾಗಿ ಅದರ ಮೇಲೊಂದು ಮೊಳೆ ಮುಂಗಡವಾಗಿ ಹೊಡೆದಿಟ್ಟಿದ್ದರು.

ಈ ಮೊಳೆಯೇ ಜನವರಿಯ ದೊಡ್ಡ ರಹಸ್ಯಕ್ಕೆ ಕಾರಣ. ಬೆಳಿಗ್ಗೆ ಐದರ ಸುಮಾರಿಗೆ, ಯಾವ ಪ್ರೋಗ್ರಾಮಿನಲ್ಲೂ ಇಲ್ಲದೆ, ಒಲೆ ಭೋರೆಂದು ಉರಿಯತೊಡಗಿತು. ಪರದೆಯ ಮೇಲೆ ಮನೆಯ ಬಿಸಿ 59. ಕೈಯಲ್ಲಿ ಹಿಡಿದ ಥರ್ಮಾಮೀಟರಿನಲ್ಲಿ 69. ರಾಯರು ಬ್ಯಾಟರಿ ಬದಲಿಸಿದರು, ತಂತಿ ಎಳೆದು ನೋಡಿದರು, ಗೋಡೆಯೊಳಗಿಂದ ತಣ್ಣನೆ ಗಾಳಿ ಬರುತ್ತಿದೆಯೇ ಎಂದು ಊದುಬತ್ತಿ ಹಿಡಿದು ಪರೀಕ್ಷಿಸಿದರು. ಗ್ರಾಫ್ ಹಾಕಿದರು. ಗ್ರಾಫ್ ದಿನವೂ ಅದೇ ಹೊತ್ತಿಗೆ ಕುಸಿಯುತ್ತಿತ್ತು. ಕೊನೆಗೆ ಒಂದು ದಿನ ನಾಲ್ಕೂವರೆಗೇ ಎದ್ದು, ಬೆತ್ತದ ಬುಟ್ಟಿಯ ಶಾಲು ಹೊದ್ದು, ಸೋಫಾದ ಹಿಂದೆ ಕಾದು ಕೂತರು. ಅಮ್ಮ ಸ್ನಾನ ಮುಗಿಸಿ ಬಂದು, ಒದ್ದೆ ಟವೆಲ್ಲನ್ನು ಹಿಂಡಿ, ಮೊಳೆಗೆ ನೇತುಹಾಕಿ, ಥರ್ಮೋಸ್ಟಾಟನ್ನು ಪೂರ್ತಿ ಮುಚ್ಚಿ, ಸ್ತೋತ್ರ ಹೇಳಿಕೊಳ್ಳುತ್ತ ದೇವರ ಮುಂದೆ ಹೋದರು.

"ಅಮ್ಮಾ, ಅಲ್ಯಾಕೆ ಹಾಕ್ತೀಯ?"

"ಮೊಳೆ ಇತ್ತಲ್ಲೋ. ಅಲ್ಲಿ ಹಾಕಿದ ದಿನ ಒಲೆ ಚೆನ್ನಾಗಿ ಉರಿಯುತ್ತೆ, ಬೇಗ ಒಣಗುತ್ತೆ."

ಒದ್ದೆ ಬಟ್ಟೆಯ ನೀರು ಆರುವಾಗ ಶಾಖ ಹೀರುತ್ತದೆ ಎಂಬುದು ರಾಯರಿಗೆ ಗೊತ್ತು. ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ ಎಂಬ ಬಗ್ಗೆ ಮನೆಯಲ್ಲಿ ಇವತ್ತಿಗೂ ಎರಡು ಅಭಿಪ್ರಾಯ ಇದೆ. ಸೊಸೆ ಮಾತ್ರ ಮೊಳೆ ಕೀಳಲು ಬಿಡಲಿಲ್ಲ.

ಸೊಸೆಯ ಅಸ್ತ್ರ ಬೇರೆ. ಆ ಯಂತ್ರದಲ್ಲಿ 'ಹೋಲ್ಡ್' ಎಂಬ ಗುಂಡಿಯಿದೆ. ಒತ್ತಿದರೆ ಎಲ್ಲ ಪ್ರೋಗ್ರಾಮೂ ಬದಿಗೆ ಸರಿದು ಈಗಿನ ಬಿಸಿಯೇ ಖಾಯಂ. ಶನಿವಾರ ರಾತ್ರಿ ಇಡ್ಲಿ ಹಿಟ್ಟು ರುಬ್ಬಿ ಒಲೆಯ ಪಕ್ಕ ಇಟ್ಟಾಗ ಅದರ ಉಪಯೋಗ. ಹತ್ತಕ್ಕೆ ಮನೆ 58ಕ್ಕೆ ಇಳಿಯತೊಡಗಿದರೆ ಹಿಟ್ಟು ಹುದುಗು ಬರುವ ಮಾತಿಲ್ಲ. ಭಾನುವಾರ ಸ್ಟೀಲ್ ಡಬ್ಬಿಯಲ್ಲಿ ಅದು ಹಾಕಿದ ಗೆರೆಯಲ್ಲೇ ಕೂತಿರುತ್ತದೆ. ಮೊದಲ ವಾರದ ಇಡ್ಲಿ ತಿಂದ ರಾಯರು ಏನೂ ಅನ್ನಲಿಲ್ಲ. ಎರಡನೆಯ ವಾರ ಚಟ್ನಿ ಚೆನ್ನಾಗಿದೆ ಅಂದರು. ಮೂರನೆಯ ವಾರ ತಾವೇ ಕೂತು ಶನಿವಾರದ 'ಮಲಗುವ' ಹೊತ್ತಿಗೆ 72 ತುಂಬಿದರು. ತತ್ವದಲ್ಲಿ ಸಡಿಲ ಮಾಡಿದ್ದಲ್ಲವಂತೆ. ಅದು ಆಹಾರ ಸಂಸ್ಕರಣೆ, ಬೇರೆ ಖಾತೆ.

ಮಗಳು ಮಾತಿಗಿಂತ ದಾಖಲೆ ನಂಬುವವಳು. ಅವಳ ಕೋಣೆ ಮಹಡಿಯ ಮೇಲೆ. ಒಲೆಯ ಬಿಸಿ ಹಾಲು ಬಿಟ್ಟು ಮೇಲೆ ಹೋಗುವುದಿಲ್ಲ, ಬಾಗಿಲು ತೆರೆದಿಡಬೇಕೆಂದು ಅಪ್ಪ, ಮುಚ್ಚಿಡಬೇಕೆಂದು ಹದಿನಾರು ವಯಸ್ಸು. ಒಂದು ರಾತ್ರಿ ಊಟಕ್ಕೆ ಕೂತಾಗ ಫೋನು ನೋಡಿಕೊಂಡು ಓದಿದಳು: ಪ್ರೋಗ್ರಾಮೆಬಲ್ ಥರ್ಮೋಸ್ಟಾಟಿಗೆ ಕೊಡುತ್ತಿದ್ದ ಎನರ್ಜಿ ಸ್ಟಾರ್ ಮುದ್ರೆಯನ್ನು ಸರ್ಕಾರ 2009ರ ಕೊನೆಗೆ ನಿಲ್ಲಿಸಿತು, ಜನ ಅದನ್ನು ಬಳಸುವ ರೀತಿಯಲ್ಲಿ ಉಳಿತಾಯ ಖಚಿತವಾಗಿ ಕಾಣಲಿಲ್ಲ ಎಂಬ ಕಾರಣಕ್ಕೆ.

"ಜನ ಅಂದರೆ ಬೇರೆಯವರು" ಎಂದರು ರಾಯರು, ಮಜ್ಜಿಗೆ ಸುರಿದುಕೊಳ್ಳುತ್ತ.

ಫೆಬ್ರವರಿಯಲ್ಲಿ ಐಸ್ ಸ್ಟಾರ್ಮ್ ಬಂತು. ಮಳೆಯಾಗಿ ಬಿದ್ದದ್ದು ಬಿದ್ದಲ್ಲೇ ಹೆಪ್ಪುಗಟ್ಟಿ, ಕೊಂಬೆ ಮುರಿದು, ತಂತಿ ಹರಿಯುವ ಬಿರುಗಾಳಿ. 2008ರ ಡಿಸೆಂಬರಿನಲ್ಲಿ ಇಂಥದೇ ಒಂದರಿಂದ ನ್ಯೂ ಹ್ಯಾಂಪ್‌ಶೈರಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋಗಿತ್ತು, ಕೆಲವರಿಗೆ ಎರಡು ವಾರ ಬರಲಿಲ್ಲ. ಈ ಸಲದ್ದು ಅಷ್ಟು ದೊಡ್ಡದಲ್ಲ. ಆದರೆ ರಾಯರ ಬೀದಿಗೆ ಅಷ್ಟೇ ಸಾಕಾಯಿತು. ಆಗರ್ ನಿಂತಿತು, ಫ್ಯಾನು ನಿಂತಿತು, ಬಾಯ್ಲರೂ ನಿಂತಿತು. ಗ್ಯಾರೇಜಿನಲ್ಲಿ ಎರಡು ಟನ್ ಪೆಲೆಟ್ ಸುಮ್ಮನೆ ಕೂತಿತ್ತು. ಇಡೀ ಮನೆಯಲ್ಲಿ ಜೀವ ಇದ್ದದ್ದು ಥರ್ಮೋಸ್ಟಾಟಿಗೆ ಮಾತ್ರ, ಅದಕ್ಕೆ ಎರಡು ಬ್ಯಾಟರಿ ಇತ್ತಲ್ಲ. ಗಂಟೆಗೊಮ್ಮೆ ಅದು ಬಿಸಿ ಎಷ್ಟಕ್ಕೆ ಇಳಿಯಿತೆಂದು ತಪ್ಪದೆ ತಿಳಿಸುತ್ತಿತ್ತು.

ಪಕ್ಕದ ಮನೆಯ ಮುದುಕರು ಬಂದು ಎಲ್ಲರನ್ನೂ ಕರೆದುಕೊಂಡು ಹೋದರು. ಅವರದು ಎರಕದ ಕಬ್ಬಿಣದ ಹಳೆಯ ಸೌದೆ ಒಲೆ. ಅಮ್ಮ ಅದನ್ನು ನೋಡಿದ್ದೇ ಸೀರೆಯ ಸೆರಗು ಸಿಕ್ಕಿಸಿ ಮುಂದೆ ಕೂತು, ಮನೆಯವರ ಅಪ್ಪಣೆಯನ್ನೂ ಕೇಳದೆ ಒಂದು ಕೊರಡನ್ನು ಒಳಗೆ ತಳ್ಳಿದರು. ಮುದುಕರಿಗೆ ಬಹಳ ಸಂತೋಷವಾಯಿತು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ರಾತ್ರಿಯವರೆಗೆ ಕೈಸನ್ನೆಯಲ್ಲೇ ಯಾವ ಮರ ಹೇಗೆ ಉರಿಯುತ್ತದೆ ಎಂಬ ಚರ್ಚೆ ನಡೆಯಿತು. ರಾಯರು ಗೋಡೆಗಳನ್ನೆಲ್ಲ ನೋಡಿ, ಏನೂ ಕಾಣದೆ, ಇದನ್ನು ಎಷ್ಟರಲ್ಲಿ ಇಡುತ್ತೀರಿ ಎಂದು ಕೇಳಿದರು. ಚಳಿಯಾದರೆ ಒಂದು ಸೌದೆ ಹಾಕುತ್ತೇನೆ, ಸೆಕೆಯಾದರೆ ಕಿಟಕಿ ತೆಗೆಯುತ್ತೇನೆ ಎಂದರು ಮುದುಕರು. ಕಿಟಕಿ ತೆಗೆಯುವ ಮಾತು ಕೇಳಿ ರಾಯರಿಗೆ ಆ ಬೆಚ್ಚನೆಯ ಮನೆಯಲ್ಲೂ ನಡುಕ ಬಂತು.

ಕರೆಂಟು ಬಂದ ಮಾರನೆಯ ದಿನವೇ ಅವರು ಬ್ಯಾಟರಿ ಇನ್ವರ್ಟರಿಗೆ ಆರ್ಡರ್ ಹಾಕಿದರು. ಲೋಡ್‌ಶೆಡ್ಡಿಂಗಿನಲ್ಲಿ ಓದಿ ಪಾಸಾದವರಿಗೆ ಇನ್ವರ್ಟರ್ ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆ ಓಡುವಾಗ ನೂರು ವ್ಯಾಟ್ ಆಸುಪಾಸು ಸಾಕು, ಹೊತ್ತಿಕೊಳ್ಳುವಾಗ ಅದರ ಮೂರು ನಾಲ್ಕು ಪಟ್ಟು ಬೇಕು ಎಂಬ ಹೊಸ ವಾಕ್ಯ ಈಗ ಹಳೆಯ ಟನ್ನಿನ ವಾಕ್ಯದ ಜೊತೆ ಸೇರಿಕೊಂಡಿದೆ. ಯುಗಾದಿ ಪೂಜೆಗೆ ಬಂದವರೆಲ್ಲ ಎರಡನ್ನೂ ಕೇಳಿದರು.

ಅಮ್ಮ ಮಾರ್ಚ್ ಕೊನೆಗೆ ಶಿವಮೊಗ್ಗಕ್ಕೆ ಮರಳಿದರು. ಏಪ್ರಿಲಿನಲ್ಲಿ ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, "ಏನು ಸೆಕೆನೋ, ಮೂವತ್ತಾರಂತೆ" ಎಂದರು.

"ಫ್ಯಾನು ಎಷ್ಟರಲ್ಲಿದೆ ಅಮ್ಮಾ?"

"ಐದರಲ್ಲಿ."

"ರಾತ್ರಿ ಹನ್ನೆರಡಾದ ಮೇಲೆ ಮೂರು ಸಾಕು. ಬೆಳಗಿನ ಜಾವ ಎರಡು."

"ರೆಗ್ಯುಲೇಟರ್ ಕೆಟ್ಟು ವರ್ಷವಾಯ್ತು ಕಣೋ. ಇರೋದೇ ಐದು."

ಮಾರನೆಯ ವಾರ ಅಮ್ಮನ ಮನೆಗೆ ಒಂದು ಪಾರ್ಸಲ್ ಬಂತು. ಒಳಗೆ ಪುಟ್ಟ ಪರದೆಯ, ನಾಲ್ಕು ಗುಂಡಿಯ ಒಂದು ಫ್ಯಾನ್ ರೆಗ್ಯುಲೇಟರ್. ಅಮ್ಮ ಅದನ್ನು ಬೀರುವಿನಲ್ಲಿ ಹೊಸ ಸೀರೆಗಳ ಕೆಳಗೆ ಇಟ್ಟಿದ್ದಾರೆ. ಎಲೆಕ್ಟ್ರಿಷಿಯನ್ ಕರೆಸಿದೆಯಾ ಎಂದು ಮಗ ಪ್ರತಿ ಭಾನುವಾರ ಕೇಳುತ್ತಾರೆ, ಅವನು ಮದುವೆ ಸೀಸನ್ನಿನಲ್ಲಿ ಬಿಡುವಾಗಿಲ್ಲ ಎಂದು ಅಮ್ಮ ಪ್ರತಿ ಭಾನುವಾರ ಹೇಳುತ್ತಾರೆ.